ಸಿಮ್ ಬೇರೆ ಬೇರೆ, ರೂಟ್ ಒಂದೇ: ಫ್ಲೈಟ್ ಪ್ಲ್ಯಾನ್ ತಾಳೆ ಹಾಕಿದ ನನ್ನ ಅನುಭವ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್‌ಗೆ (ಸಿಮ್) ಬೆಂಗಳೂರು–ಮುಂಬೈ ಪ್ಲ್ಯಾನ್ ಹಾಕಿದರೆ ಆನ್‌ಲೈನ್ ಪ್ಲ್ಯಾನರ್ ಸಿಂಬ್ರೀಫ್ ಒಂದು ದೂರ ಹೇಳುತ್ತಿತ್ತು, ಪಿಎಂಡಿಜಿ ಕಂಪನಿಯ 737 ಆಡ್‌-ಆನ್ ವಿಮಾನದ ಎಫ್‌ಎಂಸಿ (ರೂಟ್ ಹಿಡಿದು ನಡೆಸುವ ಕಾಕ್‌ಪಿಟ್ ಕಂಪ್ಯೂಟರ್) ಇನ್ನೊಂದು, ನಕ್ಷೆಯ ಪ್ರೋಗ್ರಾಂ ಲಿಟಲ್ ನ್ಯಾವ್‌ಮ್ಯಾಪ್ ಮತ್ತೊಂದು. ಅದೇ ಪ್ಲ್ಯಾನನ್ನು ಎಕ್ಸ್‌-ಪ್ಲೇನ್ ಅನ್ನುವ ಇನ್ನೊಂದು ಸಿಮ್‌ಗೆ ಒಯ್ದರೆ ಅರ್ಧ ಏರ್‌ವೇ (ಆಕಾಶದ ನಿಗದಿತ ದಾರಿ) ಮಾಯ. ನೇರ ದೂರವೇ ಸುಮಾರು 450 ನಾಟಿಕಲ್ ಮೈಲಿ ಇರುವ ಸೆಕ್ಟರ್‌ನಲ್ಲಿ 25–30 ಮೈಲಿ ವ್ಯತ್ಯಾಸ ಬಂದರೆ ಇಂಧನದ ಲೆಕ್ಕಕ್ಕೆ ಬೆಲೆಯೇ ಇಲ್ಲ. ಈಗ ಎಲ್ಲ ಕಡೆಯೂ ಒಂದೆರಡು ಮೈಲಿಯೊಳಗೆ ಕೂರುತ್ತಿದೆ. ತುಮಕೂರಿನ ನಮ್ಮ ಸಿಮ್ ಗೆಳೆಯರು ‘ಆಗಲ್ಲ ಬಿಡು ಗುರು, ಒಂದೊಂದಕ್ಕೂ ಕೈಯಲ್ಲೇ ಟೈಪ್ ಮಾಡ್ಕೋ’ ಅಂದಿದ್ದರು. ಬೆಂಗಳೂರಿನವರು ‘ಸಿಂಬ್ರೀಫ್ ಡೌನ್‌ಲೋಡರ್ ಒತ್ತಿದರೆ ಮುಗೀತಲ್ಲ, ಇದಕ್ಕೆ ಇಷ್ಟೊಂದು ಯಾಕೆ’ ಅಂದರು. ಎರಡೂ ಪೂರ್ತಿ ಸರಿಯಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸೆಟಪ್ ಎಲ್ಲರದ್ದೂ ಹೆಚ್ಚುಕಮ್ಮಿ ಇಂಥದ್ದೇ. ಮುಖ್ಯ ಪಿಸಿಯಲ್ಲಿ ಎಂಎಸ್‌ಎಫ್‌ಎಸ್ (ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್) 2020, ಪಿ3ಡಿ (ಪ್ರಿಪೇರ್3ಡಿ), ಎಕ್ಸ್‌-ಪ್ಲೇನ್ 12. ಮೈಕ್ರೋಸಾಫ್ಟ್‌ನ ಹಳೆಯ ಸಿಮ್ ಎಫ್‌ಎಸ್‌ಎಕ್ಸ್ ಇನ್ನೂ ತೆಗೆದಿಲ್ಲ. ಪಕ್ಕದ ಲ್ಯಾಪ್‌ಟಾಪಿನಲ್ಲಿ ಲಿಟಲ್ ನ್ಯಾವ್‌ಮ್ಯಾಪ್ ಓಡುತ್ತದೆ, ಸಿಮ್ ಕಡೆಯಿಂದ ಲಿಟಲ್ ನ್ಯಾವ್‌ಕನೆಕ್ಟ್ 51968ನೇ ಪೋರ್ಟ್‌ನಲ್ಲಿ ಡೇಟಾ ಕಳಿಸುತ್ತದೆ. ಎಕ್ಸ್‌-ಪ್ಲೇನ್‌ಗೆ ಎಕ್ಸ್‌ಪಿಕನೆಕ್ಟ್ ಪ್ಲಗಿನ್ ಬೇಕು.

ಮೊದಲು ಕೈಕೊಟ್ಟಿದ್ದು ಒಂದು ಸಿಮ್‌ನ ಪ್ಲ್ಯಾನ್ ಫೈಲನ್ನು ಇನ್ನೊಂದರದ್ದಾಗಿ ಬದಲಿಸುವ ಕನ್ವರ್ಟರ್‌ಗಳು. ಪಿಎಲ್‌ಎನ್‌ನಿಂದ (ಎಂಎಸ್‌ಎಫ್‌ಎಸ್, ಪಿ3ಡಿಯ ಫೈಲ್) ಎಫ್‌ಎಂಎಸ್ (ಎಕ್ಸ್‌-ಪ್ಲೇನ್‌ನದು), ಎಫ್‌ಎಂಎಸ್‌ನಿಂದ ಆರ್‌ಟಿಇ (ಪಿಎಂಡಿಜಿಯದು), ಹೀಗೆ ಸರಪಳಿ ಹಾಕಿದರೆ ಪ್ರತಿ ಕೊಂಡಿಯಲ್ಲೂ ಏನಾದರೊಂದು ಉದುರುತ್ತದೆ. ಸುಮಾರು 1,500 ರೂಪಾಯಿ ಕೊಟ್ಟು ತಂದ ಒಂದು ಕನ್ವರ್ಟರ್ ಎಕ್ಸ್‌-ಪ್ಲೇನ್‌ನ ಹಳೇ 3ನೇ ವರ್ಷನ್ ಫೈಲನ್ನೇ ಬರೆಯುತ್ತಿತ್ತು. ಆ ವರ್ಷನ್ನಿನಲ್ಲಿ ಏರ್‌ವೇಗೆ ಜಾಗವಿಲ್ಲ, ಸಿಡ್ (ರನ್‌ವೇ ಬಿಟ್ಟು ಏರ್‌ವೇ ಸೇರುವ ನಿಗದಿತ ದಾರಿ) ಮತ್ತು ಸ್ಟಾರ್‌ಗೂ (ಏರ್‌ವೇ ಬಿಟ್ಟು ಇಳಿಯುವ ನಿಲ್ದಾಣದ ಕಡೆ ಬರುವ ದಾರಿ) ಇಲ್ಲ, ಬರೀ ಪಾಯಿಂಟ್‌ಗಳ ಪಟ್ಟಿ. ಸಿಡ್‌ನ ಪಾಯಿಂಟ್‌ಗಳೆಲ್ಲ ಸಾಮಾನ್ಯ ಫಿಕ್ಸ್‌ಗಳಾಗಿ (ಹೆಸರಿರುವ ಬಿಂದುಗಳಾಗಿ) ಒಳಗೆ ಕೂರುತ್ತವೆ. ಆಮೇಲೆ ಎಫ್‌ಎಂಸಿಯಲ್ಲಿ ಅದೇ ಸಿಡ್ ಆರಿಸಿದರೆ ಅವೇ ಪಾಯಿಂಟ್‌ಗಳು ಎರಡು ಸಲ ಬರುತ್ತವೆ. ವಿಮಾನ ಸಿಡ್ ಮುಗಿಸಿ ಮತ್ತೆ ಅದರ ಮೊದಲ ಪಾಯಿಂಟಿಗೆ ತಿರುಗಲು ಹೊರಡುತ್ತದೆ. 25–30 ಮೈಲಿಯ ದೊಡ್ಡ ಪಾಲು ಅಲ್ಲೇ ಇತ್ತು.

ಇನ್ನೊಂದು ಕಾಟ ಒಂದೇ ಹೆಸರಿನ ಪಾಯಿಂಟ್‌ಗಳದ್ದು. ನೆಲದ ಮೇಲಿನ ರೇಡಿಯೋ ಕೇಂದ್ರಗಳಾದ (ನ್ಯಾವ್‌ಏಡ್) ಎನ್‌ಡಿಬಿ, ವಿಒಆರ್‌ಗಳ ಎರಡಕ್ಷರ ಮೂರಕ್ಷರದ ಗುರುತುಗಳು ಜಗತ್ತಿನಲ್ಲಿ ಎಷ್ಟೋ ಕಡೆ ಪುನರಾವರ್ತನೆ ಆಗುತ್ತವೆ. ಪಿಎಲ್‌ಎನ್ ಫೈಲ್‌ನಲ್ಲಿ ಪಾಯಿಂಟ್ ಜೊತೆಗೆ ಪ್ರದೇಶದ ಕೋಡ್ ಇರುತ್ತದೆ. ದಕ್ಷಿಣ ಭಾರತಕ್ಕೆ ವಿಒ, ಪಶ್ಚಿಮಕ್ಕೆ ವಿಎ. ಆ ಕೋಡ್ ಉದುರಿಸುವ ಕನ್ವರ್ಟರ್ ಕಣ್ಣುಮುಚ್ಚಿ ಒಂದನ್ನು ಆರಿಸಿಕೊಳ್ಳುತ್ತದೆ. ಮುಂಬೈಗೆ ಹೊರಟ ಗೆರೆ ಬೇರೆ ಖಂಡಕ್ಕೆ ಹೋಗಿ ಬರುತ್ತದೆ, ಒಟ್ಟು ದೂರ ಸಾವಿರಗಟ್ಟಲೆ ಏರುತ್ತದೆ. ಇದಾದರೂ ಪರವಾಗಿಲ್ಲ, ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ಹತ್ತು ಮೈಲಿಯ ತಪ್ಪೇ ಅಪಾಯ.

ಕನ್ವರ್ಟರ್ ಬಿಟ್ಟ ಮೇಲೂ ಕಾಡಿದ್ದು ಡೇಟಾಬೇಸಿನ ವಯಸ್ಸು. ಏರಾಕ್ ಸೈಕಲ್ (ದಾರಿ, ರನ್‌ವೇ ಮಾಹಿತಿಯ ಪರಿಷ್ಕೃತ ಕಂತು) 28 ದಿನಕ್ಕೊಮ್ಮೆ ಬದಲಾಗುವುದು ಎಲ್ಲರಿಗೂ ಗೊತ್ತು. ಆದರೆ ಒಂದೊಂದು ಪ್ರೋಗ್ರಾಂನಲ್ಲೂ ಯಾವ ಸೈಕಲ್ ಕೂತಿದೆ ಅಂತ ಬರೆದಿಟ್ಟುಕೊಂಡವರು ಕಡಿಮೆ. ನಮ್ಮ ಬೆಂಗಳೂರನ್ನೇ ತೆಗೆದುಕೊಳ್ಳಿ. ಎಫ್‌ಎಸ್‌ಎಕ್ಸ್ ಬಂದಿದ್ದು 2006ರಲ್ಲಿ, ದೇವನಹಳ್ಳಿ ನಿಲ್ದಾಣ ಶುರುವಾಗಿದ್ದು 2008ರ ಮೇನಲ್ಲಿ. ಎಫ್‌ಎಸ್‌ಎಕ್ಸ್‌ನ ಮೂಲ ಡೇಟಾದಲ್ಲಿ ವಿಒಬಿಎಲ್ (ದೇವನಹಳ್ಳಿಯ ಕೋಡ್) ಅನ್ನುವುದೇ ಇಲ್ಲ, ಹಳೆಯ ಎಚ್‌ಎಎಲ್ ನಿಲ್ದಾಣದ ವಿಒಬಿಜಿ ಮಾತ್ರ. ಎರಡರ ನಡುವೆ ಸುಮಾರು 15 ಮೈಲಿ. ಪ್ಲ್ಯಾನ್ ತೆರೆಯಲಿಲ್ಲ ಅಂತ ವಿಒಬಿಜಿ ಹಾಕಿ ಮುಂದುವರಿದರೆ ಆ 15 ಮೈಲಿ ನಿಮ್ಮ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಹೈದರಾಬಾದಿನ ಕಥೆಯೂ ಇದೇ: ಶಂಷಾಬಾದ್ ಬಂದಿದ್ದೂ 2008ರಲ್ಲಿ, ಎಫ್‌ಎಸ್‌ಎಕ್ಸ್‌ಗೆ ಗೊತ್ತಿರುವುದು ಬೇಗಂಪೇಟೆ.

ಲಿಟಲ್ ನ್ಯಾವ್‌ಮ್ಯಾಪ್ ಜೊತೆ ಉಚಿತವಾಗಿ ಬರುವ ನ್ಯಾವಿಗ್ರಾಫ್ (ಏರಾಕ್ ಡೇಟಾ ಮಾರುವ ಕಂಪನಿ) ಡೇಟಾ 1801ನೇ ಸೈಕಲ್‌ನದು, ಅಂದರೆ 2018ರ ಜನವರಿಯದು. ಆಗ ದೇವನಹಳ್ಳಿಯಲ್ಲಿ ಇದ್ದಿದ್ದು ಒಂದೇ ರನ್‌ವೇ, 09/27. ದಕ್ಷಿಣದ ಎರಡನೇ ರನ್‌ವೇ ತೆರೆದಿದ್ದು 2019ರ ಡಿಸೆಂಬರ್‌ನಲ್ಲಿ. ಈಗ ಹಳೆಯದು 09ಎಲ್/27ಆರ್, ಹೊಸದು 09ಆರ್/27ಎಲ್. 1801 ಇಟ್ಟುಕೊಂಡು ಎಕ್ಸ್‌ಪೋರ್ಟ್ ಮಾಡಿದ ಫೈಲ್‌ನಲ್ಲಿ ಇಳಿಯುವ ರನ್‌ವೇ ಬರೀ 27 ಅಂತ ಹೋಗುತ್ತದೆ. ಹೊಸ ಡೇಟಾ ಇರುವ ಎಫ್‌ಎಂಸಿಯಲ್ಲಿ ಆ ಹೆಸರಿನ ರನ್‌ವೇ ಇಲ್ಲ, ಅದಕ್ಕೆ ಅಂಟಿಕೊಂಡಿದ್ದ ಸ್ಟಾರ್ ಕೂಡ ಇಲ್ಲ. ಸಿಡ್, ಸ್ಟಾರ್ ಹೆಸರಿನಲ್ಲಿರುವ ಅಂಕಿ ಪರಿಷ್ಕರಣೆಯಾದಾಗ ಏರುವುದರಿಂದಲೂ ಇದೇ ತಕರಾರು: ಪಾಯಿಂಟ್‌ಗಳು ಬಹುತೇಕ ಅವೇ ಇದ್ದರೂ ‘ನಾಟ್ ಇನ್ ಡೇಟಾಬೇಸ್’ ಅನ್ನುತ್ತದೆ.

ಈಗ ವಿಧಾನಕ್ಕೆ ಬರೋಣ. ಮೂಲ ಅಂತ ಇಟ್ಟುಕೊಳ್ಳುವುದು ಒಂದೇ ಸಾಲಿನ ರೂಟ್ ಪಠ್ಯವನ್ನು, ಯಾವ ಫೈಲನ್ನೂ ಅಲ್ಲ. ಸಿಂಬ್ರೀಫ್‌ನಿಂದ ಆ ಸಾಲನ್ನು ಕಾಪಿ ಮಾಡಿ ಸಿಡ್, ಸ್ಟಾರ್ ಎರಡನ್ನೂ ಕತ್ತರಿಸಿ ಹಾಕುತ್ತೇನೆ. ಉಳಿಯುವುದು ಸಿಡ್ ಮುಗಿಯುವ ಪಾಯಿಂಟಿನಿಂದ ಸ್ಟಾರ್ ಶುರುವಾಗುವ ಪಾಯಿಂಟಿನವರೆಗಿನ ಏರ್‌ವೇ ಭಾಗ ಮಾತ್ರ. ಸೈಕಲ್‌ನಿಂದ ಸೈಕಲ್‌ಗೆ ಹೆಚ್ಚಾಗಿ ಮುರಿಯುವುದು ಸಿಡ್, ಸ್ಟಾರ್ ಮತ್ತು ರನ್‌ವೇ. ಮಧ್ಯದ ಏರ್‌ವೇ ಭಾಗ ಗಟ್ಟಿ. ಸಿಂಬ್ರೀಫ್ ಉಚಿತ ಖಾತೆಗೆ ಹಳೆಯ ಸೈಕಲ್ ಕೊಡುವುದರಿಂದ ಚಂದಾ ಇಲ್ಲದವರಿಗಂತೂ ಇದೇ ಸರಿಯಾದ ದಾರಿ. ಸಿಡ್, ಸ್ಟಾರ್‌ಗಳನ್ನು ಆಯಾ ಎಫ್‌ಎಂಸಿಯಲ್ಲಿ ಆ ಹೊತ್ತಿನ ಗಾಳಿ, ರನ್‌ವೇ ನೋಡಿ ಕೈಯಲ್ಲೇ ಆರಿಸಬೇಕು. ಗೆಳೆಯರು ‘ಕೈಯಲ್ಲೇ ಮಾಡ್ಕೋ’ ಅಂದಿದ್ದರಲ್ಲಿ ಇಷ್ಟು ಭಾಗ ನಿಜ.

ಆ ಸಾಲನ್ನು ಲಿಟಲ್ ನ್ಯಾವ್‌ಮ್ಯಾಪ್‌ನ ರೂಟ್ ಡಿಸ್ಕ್ರಿಪ್ಷನ್ ಕಿಟಕಿಯಲ್ಲಿ ಪೇಸ್ಟ್ ಮಾಡಿ ಓದಿಸುವುದು. ಅರ್ಥವಾಗದ ಪದವನ್ನು ಅದು ಕೆಂಪಕ್ಷರದಲ್ಲಿ ತೋರಿಸುತ್ತದೆ. ಒಂದೇ ಒಂದು ಕೆಂಪು ಇದ್ದರೂ ಮುಂದೆ ಹೋಗಬೇಡಿ, ಅಲ್ಲೇ ಸರಿಪಡಿಸಿ. ಸೀನರಿ ಲೈಬ್ರರಿ ಮೆನುವಿನಲ್ಲಿ ಏರ್‌ಪೋರ್ಟ್ ಸಿಮ್‌ನಿಂದ, ನ್ಯಾವ್‌ಏಡ್ ಮತ್ತು ಪ್ರೊಸೀಜರ್ (ಸಿಡ್, ಸ್ಟಾರ್‌ನಂಥವು) ನ್ಯಾವಿಗ್ರಾಫ್‌ನಿಂದ ಅನ್ನುವ ಆಯ್ಕೆಯೇ ಇರಲಿ. ಎಲ್ಲವನ್ನೂ ನ್ಯಾವಿಗ್ರಾಫ್‌ನಿಂದ ಅಂತ ಇಟ್ಟರೆ ಪಾರ್ಕಿಂಗ್ ಜಾಗಗಳು ಸಿಮ್ ಜೊತೆ ಕೂಡುವುದಿಲ್ಲ. ಆಮೇಲೆ ಮಲ್ಟಿಎಕ್ಸ್‌ಪೋರ್ಟ್. ಅದರಲ್ಲಿ ಎಂಎಸ್‌ಎಫ್‌ಎಸ್, ಪಿ3ಡಿ, ಪಿಎಂಡಿಜಿ, ಎಕ್ಸ್‌-ಪ್ಲೇನ್ ನಾಲ್ಕಕ್ಕೂ ಫೋಲ್ಡರ್ ಒಮ್ಮೆ ತೋರಿಸಿಟ್ಟರೆ ಒಂದೇ ಒತ್ತಿಗೆ ನಾಲ್ಕು ಫೈಲ್. ಎಲ್ಲವೂ ಒಂದೇ ಬಾಯಿಂದ ಬಂದವು, ಒಂದರಿಂದ ಇನ್ನೊಂದನ್ನು ಹುಟ್ಟಿಸಿಲ್ಲ. ಗುಟ್ಟಿನ ಬಹುಭಾಗ ಇಷ್ಟೇ.

ಫೈಲ್ ಹೆಸರು ಹತ್ತು ಅಕ್ಷರ ಮೀರಬಾರದು, 737ರ ಎಫ್‌ಎಂಸಿಯಲ್ಲಿ ಉಳಿಸಿದ ರೂಟ್ ಕರೆಯುವ ‘ಕೋ ರೂಟ್’ ಜಾಗದಲ್ಲಿ ಹತ್ತಷ್ಟೇ ಹಿಡಿಯುವುದು. ಹೊರಡುವ ನಿಲ್ದಾಣದ ನಾಲ್ಕು, ಇಳಿಯುವುದರ ನಾಲ್ಕು, ಕೊನೆಗೆ 01, 02. ಕನ್ನಡದಲ್ಲೇ ಹೆಸರಿಟ್ಟು ನೋಡಿದೆ. ಲಿಟಲ್ ನ್ಯಾವ್‌ಮ್ಯಾಪ್ ಆರಾಮಾಗಿ ತೆರೆಯಿತು, ಎಫ್‌ಎಂಸಿ ಕಡೆಯಿಂದ ಕರೆಯಲು ಆಗಲಿಲ್ಲ, ಆ ಕೀಬೋರ್ಡಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರವೇ ಇಲ್ಲವಲ್ಲ. ವಿಂಡೋಸ್ ಯೂಸರ್ ಹೆಸರನ್ನು ಕನ್ನಡದಲ್ಲಿ ಇಟ್ಟವರು ಹಳೆಯ ಆಡ್‌-ಆನ್‌ಗಳಿಗಾಗಿ ಇಂಗ್ಲಿಷ್ ಹೆಸರಿನ ಇನ್ನೊಂದು ಖಾತೆ ಮಾಡಿಕೊಳ್ಳುವುದು ಒಳ್ಳೆಯದು.

ಫೋಲ್ಡರ್ ವಿಷಯದಲ್ಲಿ ಹೆಚ್ಚು ಜನ ಸೋಲುವುದು ಒನ್‌ಡ್ರೈವ್‌ನಿಂದ. ಪಿ3ಡಿ ತನ್ನ ಪ್ಲ್ಯಾನ್‌ಗಳನ್ನು ಡಾಕ್ಯುಮೆಂಟ್ಸ್ ಒಳಗೆ ಹುಡುಕುತ್ತದೆ. ಒನ್‌ಡ್ರೈವ್ ಬ್ಯಾಕಪ್ ಆನ್ ಆದ ದಿನದಿಂದ ಡಾಕ್ಯುಮೆಂಟ್ಸ್ ಎರಡಾಗುತ್ತದೆ: ಹಳೆಯದು ಒಂದು ಕಡೆ, ಒನ್‌ಡ್ರೈವ್ ಒಳಗಿನದು ಇನ್ನೊಂದು ಕಡೆ. ಎಕ್ಸ್‌ಪೋರ್ಟ್ ಹಳೆಯದಕ್ಕೆ ಬೀಳುತ್ತದೆ, ಸಿಮ್ ಹೊಸದರಲ್ಲಿ ಹುಡುಕುತ್ತದೆ, ಕೊನೆಗೆ ಹೋದ ತಿಂಗಳ ಪ್ಲ್ಯಾನ್ ಲೋಡ್ ಆಗುತ್ತದೆ. ಹೆಸರು ಒಂದೇ ಆದ್ದರಿಂದ ಗೊತ್ತೂ ಆಗುವುದಿಲ್ಲ. ಡಾಕ್ಯುಮೆಂಟ್ಸ್ ಬ್ಯಾಕಪ್ ಆಫ್ ಮಾಡಿ, ಡಿ ಡ್ರೈವ್‌ನಲ್ಲಿ ಒಂದು ಪ್ಲ್ಯಾನ್ ಫೋಲ್ಡರ್ ಮಾಡಿ, ಅದರೊಳಗೆ ಸಿಮ್‌ಗೊಂದು ಉಪಫೋಲ್ಡರ್ ಇಟ್ಟು, ಎಂಕೆಲಿಂಕ್ ಕಮಾಂಡಿಗೆ ಸ್ಲ್ಯಾಷ್ ಜೆ ಕೊಟ್ಟು ಜಂಕ್ಷನ್ (ಒಂದು ಫೋಲ್ಡರನ್ನು ಇನ್ನೊಂದಕ್ಕೆ ತಿರುಗಿಸುವ ಕೊಂಡಿ) ಹಾಕಿದೆ. ಎಕ್ಸ್‌-ಪ್ಲೇನ್‌ನ ಔಟ್‌ಪುಟ್ ಒಳಗಿನ ಎಫ್‌ಎಂಎಸ್ ಪ್ಲ್ಯಾನ್ಸ್ ಫೋಲ್ಡರಿಗೂ ಹಾಗೇ. ಜಂಕ್ಷನ್ ಅದೇ ಮಷೀನಿನ ಡ್ರೈವ್‌ಗಳಿಗೆ ಮಾತ್ರ ನಡೆಯುತ್ತದೆ. ಲ್ಯಾಪ್‌ಟಾಪಿನಲ್ಲಿರುವ ಶೇರ್ ಫೋಲ್ಡರಿಗೆ ಬೇಕಾದರೆ ಸ್ಲ್ಯಾಷ್ ಡಿ, ಅದಕ್ಕೆ ಅಡ್ಮಿನ್ ಆಗಿ ಓಡಿಸಬೇಕು.

ತಾಳೆ ನೋಡುವುದು ಮೂರು ಜಾಗದಲ್ಲಿ: ಒಟ್ಟು ದೂರ, ಮಧ್ಯದ ಒಂದು ಪಾಯಿಂಟಿನವರೆಗಿನ ದೂರ, ಪಾಯಿಂಟ್‌ಗಳ ಎಣಿಕೆ. ಒಟ್ಟು ದೂರ ಒಂದನ್ನೇ ನೋಡಿದರೆ ಒಂದು ಕಡೆ ಹೆಚ್ಚಾಗಿದ್ದು ಇನ್ನೊಂದು ಕಡೆ ಕಡಿಮೆಯಾಗಿ ಸರಿಹೋದಂತೆ ಕಾಣಬಹುದು. ಎಕ್ಸ್‌-ಪ್ಲೇನ್ ಫೈಲನ್ನು ನೋಟ್‌ಪ್ಯಾಡಿನಲ್ಲೇ ತೆರೆದು ನೋಡಿ. ಎರಡನೇ ಸಾಲಿನಲ್ಲಿ 1100 ವರ್ಷನ್ ಇರಬೇಕು, ಕೆಳಗೆ ಸೈಕಲ್ ಸಂಖ್ಯೆ, ಅದರ ಕೆಳಗೆ ನಿಲ್ದಾಣ, ರನ್‌ವೇ, ಆಮೇಲೆ ಒಟ್ಟು ಸಾಲುಗಳ ಎಣಿಕೆ. ಪ್ರತಿ ಪಾಯಿಂಟ್ ಸಾಲಿನ ಮೊದಲ ಅಂಕಿ ಅದರ ಜಾತಿ: 1 ನಿಲ್ದಾಣ, 2 ಎನ್‌ಡಿಬಿ, 3 ವಿಒಆರ್, 11 ಫಿಕ್ಸ್, 28 ಬರೀ ಅಕ್ಷಾಂಶ-ರೇಖಾಂಶ. ಇಡೀ ಫೈಲ್ 28ರಿಂದ ತುಂಬಿದ್ದರೆ ಏರ್‌ವೇ ಕಳೆದುಹೋಗಿದೆ ಅಂತಲೇ ಅರ್ಥ. ಕೈಯಲ್ಲಿ ಒಂದು ಸಾಲು ತೆಗೆದರೆ ಎಣಿಕೆಯನ್ನೂ ತಿದ್ದಲೇಬೇಕು. ಈ ಮೂರನ್ನೂ ಒಟ್ಟಿಗೆ ನೋಡಿ ಹಸಿರು-ಕೆಂಪು ತೋರಿಸುವ ಒಂದು ಬ್ಯಾಚ್ ಫೈಲ್ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಹಾಕುತ್ತಿಲ್ಲ, ತುಮಕೂರಿಗೆ ಬಂದವರಿಗೆ ಎದುರಿಗೇ ತೋರಿಸುತ್ತೇನೆ.

ಪಿಎಲ್‌ಎನ್ ಫೈಲ್ ತಿದ್ದುವಾಗ ಡಿಗ್ರಿ ಚಿಹ್ನೆಯ ಮೇಲೆ ಕಣ್ಣಿಡಿ. ಫೈಲ್ ತಲೆಯಲ್ಲಿ ಯುಟಿಎಫ್-8 (ಅಕ್ಷರಗಳನ್ನು ಉಳಿಸುವ ಪದ್ಧತಿ) ಅಂತ ಬರೆದಿರುತ್ತದೆ. ವಿಂಡೋಸ್ 10ರ 1903ಕ್ಕಿಂತ ಹಳೆಯ ನೋಟ್‌ಪ್ಯಾಡ್ ಹೊಸ ಫೈಲನ್ನು ಆನ್ಸಿ ಅನ್ನುವ ಹಳೆಯ ಪದ್ಧತಿಯಲ್ಲಿ ಉಳಿಸುತ್ತಿತ್ತು. ಹೊಸ ಫೈಲಿಗೆ ಪೇಸ್ಟ್ ಮಾಡಿ ಉಳಿಸಿದರೆ ಆ ಒಂದು ಚಿಹ್ನೆಯಿಂದಲೇ ಇಡೀ ಫೈಲ್ ಕೆಟ್ಟುಹೋಗುತ್ತದೆ.

ಎಂಎಸ್‌ಎಫ್‌ಎಸ್ ಬಗ್ಗೆ ಒಂದೇ ಮಾತು: ವರ್ಲ್ಡ್ ಮ್ಯಾಪ್‌ನಲ್ಲಿ ಪಿಎಲ್‌ಎನ್ ತೆರೆದರೆ ಅದು ತನಗೆ ತೋಚಿದ ಸಿಡ್, ಅಪ್ರೋಚ್ (ರನ್‌ವೇಗೆ ಇಳಿಯುವ ಕೊನೆಯ ದಾರಿ) ಸೇರಿಸಿಬಿಡಬಹುದು. ಅಲ್ಲಿ ಗೇಟ್ ಆರಿಸಲು ಮಾತ್ರ ಬಳಸಿ, ವಿಮಾನಕ್ಕೆ ರೂಟ್ ಎಫ್‌ಎಂಸಿಯ ಕೋ ರೂಟ್‌ನಿಂದಲೇ ಹೋಗಲಿ.

ನಡುವೆ ಒಂದು ವಿಎಫ್‌ಆರ್ (ನೆಲ ನೋಡಿಕೊಂಡು ಹಾರುವ) ಪ್ರಯೋಗವೂ ಆಯಿತು. ದೇವನಹಳ್ಳಿ, ನಂದಿಬೆಟ್ಟ, ಮಧುಗಿರಿ, ದೇವರಾಯನದುರ್ಗ, ಮತ್ತೆ ದೇವನಹಳ್ಳಿ; ಒಟ್ಟು ಸುಮಾರು 90 ನಾಟಿಕಲ್ ಮೈಲಿ. ನ್ಯಾವ್‌ಏಡ್ ಒಂದೂ ಇಲ್ಲ, ಎಲ್ಲ ಯೂಸರ್ ಪಾಯಿಂಟ್. ಸ್ವರೂಪ ಬದಲಾದಾಗ ಏನು ಕೆಡುತ್ತದೆ ಅನ್ನುವುದು ಇದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ನಂದಿಬೆಟ್ಟ ಎಫ್‌ಎಂಎಸ್‌ನಲ್ಲಿ ದಶಮಾಂಶದಲ್ಲಿ 13.37, 77.68. ಪಿಎಲ್‌ಎನ್‌ನಲ್ಲಿ ಅದೇ 13 ಡಿಗ್ರಿ 22 ನಿಮಿಷ 12 ಸೆಕೆಂಡ್, 77 ಡಿಗ್ರಿ 40 ನಿಮಿಷ 48 ಸೆಕೆಂಡ್. ಈ ನಿಮಿಷಗಳನ್ನು ದಶಮಾಂಶ ಅಂದುಕೊಂಡು 13.2212, 77.4048 ಅಂತ ಹಾಕಿದರೆ ನಂದಿಬೆಟ್ಟ 18 ಮೈಲಿ ಜರುಗಿ ನೆಲಮಂಗಲ–ದೊಡ್ಡಬಳ್ಳಾಪುರದ ನಡುವೆ ಎಲ್ಲೋ ಬೀಳುತ್ತದೆ. ಬೆಟ್ಟ 4,851 ಅಡಿ, ದೇವನಹಳ್ಳಿ ರನ್‌ವೇಯೇ ಸುಮಾರು 3,000 ಅಡಿ. 6,500 ಅಡಿ ಎತ್ತರ ಇಟ್ಟುಕೊಂಡರೆ ಮೂರು ಬೆಟ್ಟವನ್ನೂ ಸುಖವಾಗಿ ದಾಟಬಹುದು. ಪಾಯಿಂಟ್ ಹೆಸರು ಐದು ಇಂಗ್ಲಿಷ್ ಅಕ್ಷರದೊಳಗೆ ಇರಲಿ.

ಖರ್ಚು: ನ್ಯಾವಿಗ್ರಾಫ್ ಪೂರ್ತಿ ಚಂದಾ ವರ್ಷಕ್ಕೆ ಹೆಚ್ಚುಕಮ್ಮಿ 8–9 ಸಾವಿರ, ಯೂರೋ ದರದಂತೆ ಏರಿಳಿಯುತ್ತದೆ. ಕಾರ್ಡಿನ ಫಾರೆಕ್ಸ್ ಮಾರ್ಕಪ್ ಸಾಮಾನ್ಯವಾಗಿ 3.5 ಶೇಕಡಾ, ಅದರ ಮೇಲೆ ಜಿಎಸ್‌ಟಿ, ಅಲ್ಲಿಗೆ ಇನ್ನೊಂದು 350 ರೂಪಾಯಿ. ಅಷ್ಟು ಬೇಡ ಅನ್ನುವವರು ಒಂದು ತಿಂಗಳಿಗೆ ಮಾತ್ರ ಚಂದಾ ಕಟ್ಟಿ, ಇರುವ ಎಲ್ಲ ಪ್ರೋಗ್ರಾಂಗೂ ಅದೇ ದಿನ ಒಂದೇ ಸೈಕಲ್ ಹಾಕಿಕೊಳ್ಳಿ. ಹಾಕಿದ ಡೇಟಾ ಚಂದಾ ಮುಗಿದ ಮೇಲೂ ಉಳಿಯುತ್ತದೆ. ಎಲ್ಲ ಕಡೆ ಒಂದೇ ಹಳೆಯ ಸೈಕಲ್ ಇರುವುದು, ಒಂದು ಕಡೆ ಹೊಸದು ಇನ್ನೊಂದು ಕಡೆ ಹಳೆಯದು ಇರುವುದಕ್ಕಿಂತ ಎಷ್ಟೋ ವಾಸಿ. ಲಿಟಲ್ ನ್ಯಾವ್‌ಮ್ಯಾಪ್ ಉಚಿತ. ಕನ್ವರ್ಟರ್‌ಗಳಿಗೆ ಹಾಕಿದ ದುಡ್ಡು ಪೂರ್ತಿ ದಂಡ.

ವ್ಯಾಟ್‌ಸಿಮ್‌ನಲ್ಲಿ (ಕಂಟ್ರೋಲರ್‌ಗಳೂ ನಿಜವಾದ ಜನರೇ ಇರುವ ಆನ್‌ಲೈನ್ ಜಾಲ) ಹಾರುವವರು ಪ್ಲ್ಯಾನ್ ಸಲ್ಲಿಸುವಾಗಲೂ ಅದೇ ಮೂಲ ಸಾಲನ್ನೇ ಪೇಸ್ಟ್ ಮಾಡಿ. ನೆಲದಲ್ಲಿರುವಾಗ ಕಂಟ್ರೋಲರ್ ಬೇರೆ ರೂಟ್ ಕೊಟ್ಟರೆ ಎಫ್‌ಎಂಸಿ ಮುಟ್ಟುವ ಮುಂಚೆ ಸಾಲನ್ನು ತಿದ್ದಿ, ಮತ್ತೆ ಎಕ್ಸ್‌ಪೋರ್ಟ್ ಮಾಡಿ, ಕೋ ರೂಟ್ 02 ಅಂತ ಕರೆಯಿರಿ. ಹಾರುತ್ತಿರುವಾಗ ರೂಟ್ ಬದಲಾದರೆ ಎಫ್‌ಎಂಸಿಯಲ್ಲಷ್ಟೇ ತಿದ್ದಿ, ಮ್ಯಾಪ್ ಕಡೆ ನೋಡಬೇಡಿ. ಸೈಕಲ್ ಬದಲಾದ ದಿನ ಹಳೆಯ ಫೈಲ್‌ಗಳನ್ನೆಲ್ಲ ಸೈಕಲ್ ಸಂಖ್ಯೆಯ ಫೋಲ್ಡರಿಗೆ ಎತ್ತಿಟ್ಟು, ಮೂಲ ಸಾಲುಗಳನ್ನು ಮತ್ತೆ ಓದಿಸಿ. ಕೆಂಪು ಬಂದ ರೂಟ್‌ಗಳನ್ನಷ್ಟೇ ಸಿಂಬ್ರೀಫ್‌ನಿಂದ ಹೊಸದಾಗಿ ತರಬೇಕು, ಮಿಕ್ಕವು ಹಾಗೇ ಎಕ್ಸ್‌ಪೋರ್ಟ್ ಆಗುತ್ತವೆ.