ಖಾರ್ದುಂಗ್ ಲಾ ಇಳಿದ ದಿನ

ಲೇಹ್‌ನಲ್ಲಿ ಎರಡು ದಿನ ಸುಮ್ನೆ ಬಿದ್ದುಕೊಂಡಿದ್ದೆವು. ಊರೇ 3,500 ಮೀಟರ್ ಎತ್ತರದಲ್ಲಿದೆ, ದೇಹ ಹೊಂದಿಕೊಳ್ಳಬೇಕಲ್ವಾ? ಮೇ ತಿಂಗಳ ನಡುಭಾಗ. ಮೂರನೇ ದಿನ ಬೆಳಗ್ಗೆ ತಮ್ಮನ ಜೊತೆ ನನ್ನ ಹಳೇ ಮಾರುತಿ ಜಿಪ್ಸಿಯಲ್ಲಿ ಖಾರ್ದುಂಗ್ ಲಾ ದಾಟಿ ನುಬ್ರಾ ಕಣಿವೆಗೆ ಹೊರಟೆ. 'ಲಾ' ಅಂದರೆ ಬೆಟ್ಟ ದಾಟುವ ಪಾಸ್.

ಲೇಹ್‌ನಿಂದ ಈಗ ಚೀನಾದಲ್ಲಿರುವ ಯಾರ್ಕಂದ್‌ಗೆ ವ್ಯಾಪಾರಿಗಳು ಹೋಗುತ್ತಿದ್ದ ದಾರಿ ಇದು. ಮೊದಲು ಖಾರ್ದುಂಗ್ ಲಾ, ಆಮೇಲೆ ಸಾಸೆರ್ ಲಾ, ಕೊನೆಗೆ ಕಾರಾಕೋರಂ ಪಾಸ್. ಇಲ್ಲಿಂದ ಬಟ್ಟೆ, ಮಸಾಲೆ ಹೋಗುತ್ತಿತ್ತು. ಅಲ್ಲಿಂದ ರೇಷ್ಮೆ, ಕಂಬಳಿ, ಚರಸ್ ಬರುತ್ತಿತ್ತು. 1949ರ ಹೊತ್ತಿಗೆ ಗಡಿ ಮುಚ್ಚಿ ವ್ಯಾಪಾರ ನಿಂತಿತು.

ಹತ್ತುವಾಗ ತೊಂದರೆ ಆಗಲಿಲ್ಲ. ಸೌತ್ ಪುಲ್ಲು ಚೆಕ್‌ಪೋಸ್ಟ್ ದಾಟಿದ ಮೇಲೆ ಎಂಜಿನ್ ಏದುಸಿರು ಬಿಡತೊಡಗಿತು, ಅಷ್ಟೆ. ಮೇಲೆ ಗಾಳಿಯ ಒತ್ತಡ ನಮ್ಮೂರಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ತುದಿಯ ಬೋರ್ಡ್‌ನಲ್ಲಿ ವರ್ಷಗಟ್ಟಲೆ 18,380 ಅಡಿ ಅಂತ ಬರೆದಿತ್ತು. ನಿಜವಾದ ಎತ್ತರ 5,359 ಮೀಟರ್, ಅಂದರೆ ಸುಮಾರು 17,580 ಅಡಿ. ಎಂಟುನೂರು ಅಡಿ ಬರೀ ಜಂಬ!

ನುಬ್ರಾ ಕಡೆ ಇಳಿಯಲು ಶುರು ಮಾಡಿದಾಗ ಬಂತು ನೋಡಿ ಕಷ್ಟ. ಅದು ಉತ್ತರದ ಮಗ್ಗುಲು, ಬಿಸಿಲು ಬೀಳೋದು ಕಡಿಮೆ. ಹಗಲು ಕರಗಿದ ಹಿಮ ರಾತ್ರಿ ರಸ್ತೆ ಮೇಲೆ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಎರಡನೇ ತಿರುವಿನಲ್ಲಿ ಅಭ್ಯಾಸಬಲದಿಂದ ಬ್ರೇಕ್ ಮುಟ್ಟಿದೆ. ಹಿಂಬದಿ ಮೆಲ್ಲಗೆ ಬಂಡೆ ಕಡೆ ಜಾರಿತು. ಪುಣ್ಯ, ಪ್ರಪಾತದ ಕಡೆ ಅಲ್ಲ.

ಕೆಳಗಿಳಿದೆ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗಬೇಕಾದರೆ ನನ್ನ ಜಿಪ್ಸಿಯಲ್ಲಿ ಮುಂದಿನ ಚಕ್ರಗಳ ನಡುವಿನ ಹಬ್ ಕೈಯಲ್ಲೇ ತಿರುಗಿಸಿ ಲಾಕ್ ಮಾಡಬೇಕು. ಗ್ಲೌಸ್ ಹಾಕಿಕೊಂಡರೆ ಹಿಡಿತ ಸಿಗುತ್ತಿರಲಿಲ್ಲ, ತೆಗೆದರೆ ಬೆರಳು ಮರಗಟ್ಟುತ್ತಿತ್ತು. ಕೊನೆಗೆ ಕರ್ಚೀಫ್ ಸುತ್ತಿ ತಿರುಗಿಸಿದೆ, 'ಟಕ್' ಅಂತ ಕೂತಿತು. ಫೋರ್ ಲೋ (ನಾಲ್ಕೂ ಚಕ್ರವನ್ನು ನಿಧಾನಕ್ಕೆ, ಜಾಸ್ತಿ ಬಲದಿಂದ ತಿರುಗಿಸೋ ಗೇರ್), ಒಂದನೇ ಗೇರ್, ಬ್ರೇಕ್‌ನಿಂದ ಕಾಲು ದೂರ. ಗಾಡಿಯನ್ನು ಎಂಜಿನ್ನೇ ಹಿಡಿದುಕೊಂಡು ಆಮೆಯ ಹಾಗೆ ಇಳಿಸಿತು. ಫೋರ್ ವೀಲ್ ಬೇಕಾಗೋದು ಹತ್ತೋಕೆ ಅಂತ ಅಲ್ಲಿವರೆಗೂ ಅಂದುಕೊಂಡಿದ್ದೆ.

ಖಾರ್ದುಂಗ್ ಹಳ್ಳಿಯಲ್ಲಿ ಚಹಾ ಕುಡಿಯುವಾಗ ಅಲ್ಲಿದ್ದ ಅಜ್ಜನಿಗೆ ಹಿಂದಿಯಲ್ಲಿ ಇದನ್ನೆಲ್ಲ ಹೇಳಿದೆ. ಅವರು ನಕ್ಕರು. ಹಿಂದೆ ಈ ಮಗ್ಗುಲಿನ ಹಿಮನದಿ ಮೇಲೆ ಕುದುರೆಗಳು ಜಾರುತ್ತಿದ್ದವಂತೆ. ಅದಕ್ಕೆ ಹೊರೆಯನ್ನೆಲ್ಲ ಯಾಕ್‌ಗಳ ಮೇಲೆ ಹೇರಿ ದಾಟಿಸುತ್ತಿದ್ದರಂತೆ.

"ಅಣ್ಣಾ, ಆಗ್ಲೂ ಫೋರ್ ಲೋ ಇತ್ತು" ಅಂದ ತಮ್ಮ.

ನುಬ್ರಾದ ಹುಂಡರ್‌ನ ಮರಳಿನಲ್ಲಿ ಎರಡು ಡುಬ್ಬದ ಒಂಟೆಗಳಿವೆ. ಆ ವ್ಯಾಪಾರಿಗಳ ಒಂಟೆಗಳ ಸಂತತಿಯೇ ಅವು, ಈಗ ಪ್ರವಾಸಿಗರನ್ನು ಹೊರುತ್ತವೆ. ತಮ್ಮ ಒಂದನ್ನು ಹತ್ತಿ ಕೂತ. ಹಬ್ ಬಿಡಿಸೋದನ್ನೇ ಮರೆತಿದ್ದೇನೆ ಅಂತ ನನಗೆ ಆಗ ನೆನಪಾಯಿತು.