ಹೊಸ ಮೇಷ್ಟ್ರ ಸಮಯ ಕಾಪಾಡುವ ಕೆಲಸ

ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದಲ್ಲಿ ಪ್ರೊಫೆಸರ್. ಹೊಸದಾಗಿ ಸೇರುವ ಅಸಿಸ್ಟೆಂಟ್ ಪ್ರೊಫೆಸರ್‌ಗಳ ಜೊತೆ ಕೂತು ಮೊದಲ ವರ್ಷಗಳಲ್ಲಿ ಕೈ ಹಿಡಿಯುವ ಕೆಲಸವನ್ನು ನಾನಾಗಿಯೇ ವಹಿಸಿಕೊಂಡೆ. ಈಗ ಇದಕ್ಕೆ ಮೆಂಟರಿಂಗ್ ಅಂತ ಎಲ್ಲ ಕಡೆ ಹೆಸರಿದೆ. ಹಿರಿಯ ಮತ್ತು ನಿವೃತ್ತ ಅಧ್ಯಾಪಕರು ಕಿರಿಯರಿಗೆ ಒತ್ತಾಸೆಯಾಗಿ ನಿಲ್ಲಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಆದರೆ ವಿಭಾಗದ ಒಳಗೆ, ಸೋಮವಾರ ಬೆಳಗ್ಗೆ, ಏನು ಮಾಡಬೇಕು? ಅದು ಎಲ್ಲೂ ಬರೆದಿಲ್ಲ. ನಾವು ಮಾಡಿದ್ದನ್ನು ಹೇಳುತ್ತೇನೆ.

ಹೊಸಬರಿಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಅವರ ಸಮಯ ಕಾಪಾಡುವವರು ಸಿಗುವುದಿಲ್ಲ. ಸೇರಿದ ವಾರದಲ್ಲೇ ಫೈಲುಗಳು ಬರಲು ಶುರುವಾಗುತ್ತವೆ. "ಹೊಸಬರು, ಕಂಪ್ಯೂಟರ್ ಚೆನ್ನಾಗಿ ಗೊತ್ತು, ಅವರಿಗೇ ಕೊಡಿ." ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಕೊಡುವ ಮಾಹಿತಿ, ಪರೀಕ್ಷೆಯ ಕೆಲಸ, ವೆಬ್‌ಸೈಟ್, ಎನ್‌ಎಸ್‌ಎಸ್, ಸೆಮಿನಾರ್ ಊಟದ ವ್ಯವಸ್ಥೆ. ಒಂದೊಂದೂ ಚಿಕ್ಕದೇ. ಎಲ್ಲ ಸೇರಿದರೆ ಓದಲು, ಬರೆಯಲು ಉಳಿಯುವುದು ರಾತ್ರಿ ಮಾತ್ರ. ಮಹಿಳಾ ಸಹೋದ್ಯೋಗಿಗಳ ಮೇಲೆ ಇದರ ಜೊತೆಗೆ ಸಾಂಸ್ಕೃತಿಕ ಸಮಿತಿ, ಸ್ವಾಗತ ಸಮಿತಿ, ಹಾಸ್ಟೆಲ್ ಹೊಣೆ ಯಾರೂ ಕೇಳದೆಯೇ ಬಂದು ಕೂರುತ್ತದೆ. ಇದು ಅನ್ಯಾಯ, ಮತ್ತು ಇದನ್ನು ಮೀಟಿಂಗಿನಲ್ಲಿ ಬಾಯಿಬಿಟ್ಟು ಹೇಳಬೇಕಾದವರು ಹಿರಿಯರು.

ಒಬ್ಬ ಯುವ ಸಹೋದ್ಯೋಗಿ ನನ್ನನ್ನು ಕೇಳಿದರು: "ಸರ್, ಪ್ರೊಬೇಷನ್ನಿನಲ್ಲಿ ಇದ್ದೀನಿ. ಆಗಲ್ಲ ಅಂತ ಹೇಗೆ ಹೇಳಲಿ?"

"ನೀವು ಹೇಳಬೇಡಿ. ಸರ್‌ನ ಒಂದು ಮಾತು ಕೇಳಿ ಹೇಳ್ತೀನಿ ಅನ್ನಿ. ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದೆ.

ಅಂದಿನಿಂದ ಇದೇ ನಮ್ಮ ಪದ್ಧತಿ. ಹೊಸಬರ ಪರವಾಗಿ ಬೇಡ ಎನ್ನುವುದು ನನ್ನ ಪಾಲಿನ ಕೆಲಸ. ಇದಕ್ಕೆ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2018ರ ನಿಯಮಾವಳಿಯೇ ನನಗೆ ದೊಡ್ಡ ಆಧಾರ. ಬಡ್ತಿಗಾಗಿ ವರ್ಷದ ಮೌಲ್ಯಮಾಪನ ಮಾಡುವಾಗ ಅದು ಮುಖ್ಯವಾಗಿ ಎರಡು ಸಂಗತಿ ನೋಡುತ್ತದೆ. ವಹಿಸಿದ ತರಗತಿಗಳಲ್ಲಿ ಶೇ. 80 ಅಥವಾ ಜಾಸ್ತಿ ತೆಗೆದುಕೊಂಡಿದ್ದರೆ ಪಾಠದಲ್ಲಿ 'ಉತ್ತಮ'. ಇತರ ಚಟುವಟಿಕೆಗಳಲ್ಲಿ ಕನಿಷ್ಠ ಮೂರರಲ್ಲಿ ತೊಡಗಿದ್ದರೆ ಅಲ್ಲೂ 'ಉತ್ತಮ'. ಆ ಚಟುವಟಿಕೆಗಳ ಪಟ್ಟಿಯಲ್ಲಿ ಆಡಳಿತ, ಪರೀಕ್ಷೆ, ಎನ್‌ಎಸ್‌ಎಸ್ ಜೊತೆಗೆ ಸಂಶೋಧನಾ ಪ್ರಾಜೆಕ್ಟ್ ಮತ್ತು ಒಂದು ಪ್ರಕಟಿತ ಲೇಖನವೂ ಸೇರಿವೆ. ಅಂದರೆ ಹೊಸಬರು ಏಳೆಂಟು ಸಮಿತಿಗಳಲ್ಲಿ ಇರಬೇಕಾದ ಅಗತ್ಯವೇ ಇಲ್ಲ. ಒಂದು ಪರೀಕ್ಷೆಯ ಕೆಲಸ, ಒಂದು ವಿದ್ಯಾರ್ಥಿ ಚಟುವಟಿಕೆ, ಒಂದು ಲೇಖನ. ಇಷ್ಟು ಸಾಕು. ಈ ಪುಟವನ್ನು ಪ್ರಿಂಟ್ ತೆಗೆದು ವಿಭಾಗದ ಮೀಟಿಂಗಿಗೆ ಒಯ್ದೆ. ಯಾರಿಗೂ ಬೇಸರ ಆಗಲಿಲ್ಲ. ನಿಯಮ ಓದಿ ಹೇಳಿದಾಗ ಅದು ವೈಯಕ್ತಿಕ ಜಗಳ ಆಗುವುದಿಲ್ಲ.

ಟೈಮ್‌ಟೇಬಲ್ ಇನ್ನೊಂದು ಜಾಗ. ಅಸಿಸ್ಟೆಂಟ್ ಪ್ರೊಫೆಸರ್‌ಗೆ ವಾರಕ್ಕೆ 16 ಗಂಟೆ ನೇರ ಪಾಠ, ಅಸೋಸಿಯೇಟ್ ಮತ್ತು ಪ್ರೊಫೆಸರ್‌ಗೆ 14. ಈ ಗಂಟೆಗಳಿಗಿಂತ ಹೆಚ್ಚಾಗಿ ಹೊಸಬರನ್ನು ಹಣಿಯುವುದು ಪ್ರತಿ ಸೆಮಿಸ್ಟರಿಗೂ ಹೊಸ ಪೇಪರ್, ಅಂದರೆ ಪಾಠ ಮಾಡುವ ಹೊಸ ವಿಷಯ, ಸಿಗುವುದು. ಹಳಬರು ವರ್ಷಾನುಗಟ್ಟಲೆ ಮಾಡಿದ ಪೇಪರ್ ಬಿಟ್ಟುಕೊಡುವುದಿಲ್ಲ, ಉಳಿದದ್ದು ಕಿರಿಯರ ಪಾಲಿಗೆ. ಕರ್ನಾಟಕದಲ್ಲಿ ಡಿಗ್ರಿ ಪಾಠ ಮಾಡುವವರಿಗೆ ಇದು ಇನ್ನೂ ಕಷ್ಟವಾಯಿತು. 2021-22ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿದೆವು. ಮಾಡಿಟ್ಟ ನೋಟ್ಸ್ ಎಷ್ಟೋ ಹಾಗೇ ಉಳಿದವು. ಅದಕ್ಕೆ ನಾವು ಎರಡು ಒಪ್ಪಂದ ಮಾಡಿಕೊಂಡೆವು. ಹೊಸಬರಿಗೆ ಕೊಟ್ಟ ಪೇಪರನ್ನು ಕನಿಷ್ಠ ಮೂರು ವರ್ಷ ಬದಲಾಯಿಸಬಾರದು. ಮತ್ತು ಪೇಪರ್ ಹಸ್ತಾಂತರ ಮಾಡುವವರು ತಮ್ಮ ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆ, ಇಂಟರ್ನಲ್ ಟೆಸ್ಟ್ ಎಲ್ಲ ಒಂದೇ ಗೂಗಲ್ ಡ್ರೈವ್‌ಗೆ ಹಾಕಬೇಕು. ಎರಡನೆಯದಕ್ಕೆ ಒಪ್ಪಿಸುವುದೇ ಕಷ್ಟವಾಯಿತು. ನಾನು ಮೊದಲು ನನ್ನದನ್ನು ಹಾಕಿದೆ, ಅರ್ಧಂಬರ್ಧ ಇದ್ದದ್ದನ್ನೂ ಸೇರಿಸಿ.

ಪಾಠದ ವಿಷಯಕ್ಕೆ ಬಂದರೆ, ಹೊಸಬರ ಕ್ಲಾಸಿಗೆ ನಾನು ನೇರವಾಗಿ ಹೋಗುವುದಿಲ್ಲ. ಮೊದಲು ಅವರು ನನ್ನ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಆಮೇಲೆ ಟೀ ಕುಡಿಯುತ್ತಾ ಏನು ಸರಿ ಇಲ್ಲ ಅಂತ ಹೇಳುತ್ತಾರೆ. ಅದಾದ ಮೇಲೆ ನಾನು ಹೋದರೆ ಅದು ತಪಾಸಣೆ ಅನ್ನಿಸುವುದಿಲ್ಲ. ಅಲ್ಲಿ ನಾನು ನೋಡುವುದು ಒಂದನ್ನೇ: ಕನ್ನಡ ಮಾಧ್ಯಮದಿಂದ ಬಂದ ಹುಡುಗ ಹುಡುಗಿಯರ ಪೆನ್ನು ಓಡುತ್ತಿದೆಯೋ ಇಲ್ಲವೋ. ನಮ್ಮ ಎಂ.ಎ. ತರಗತಿಯಲ್ಲಿ ಅವರೇ ಹೆಚ್ಚು. ದೊಡ್ಡ ಊರಿನ ದೊಡ್ಡ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡಿ ಬಂದವರು ವಿಷಯದಲ್ಲಿ ಗಟ್ಟಿ ಇರುತ್ತಾರೆ, ಆದರೆ ಪೂರ್ತಿ ಇಂಗ್ಲಿಷಿನಲ್ಲಿ ಸ್ಲೈಡ್ ಓಡಿಸಿಬಿಡುತ್ತಾರೆ. ನಾನು ಕೊಡುವ ಸಲಹೆ ಇಷ್ಟೇ. ಗ್ರಾಫನ್ನು ಬೋರ್ಡಿನ ಮೇಲೆ ನಿಧಾನವಾಗಿ ಬಿಡಿಸಿ, ಬಿಡಿಸುವಾಗ ಕನ್ನಡದಲ್ಲಿ ಮಾತಾಡಿ, ಪರೀಕ್ಷೆಗೆ ಬೇಕಾದ ಎರಡು ಸಾಲು ಇಂಗ್ಲಿಷಿನಲ್ಲಿ ಬರೆಸಿ. ಎಪಿಎಂಸಿಯ ಈರುಳ್ಳಿ ದರ ಇಟ್ಟುಕೊಂಡು ಬೇಡಿಕೆಯ ಪಾಠ ಮಾಡಿದ ಒಬ್ಬ ಸಹೋದ್ಯೋಗಿಯ ಕ್ಲಾಸಿಗೆ ಈಗ ಬೇರೆ ಸೆಕ್ಷನ್ನಿನವರೂ ಬರುತ್ತಾರೆ.

ಇನ್ನು ಬರವಣಿಗೆ. ಪಿಎಚ್‌ಡಿ ಇದ್ದವರಿಗೆ ವೇತನದ ಲೆವೆಲ್ 10ರಿಂದ 11ಕ್ಕೆ, ಅಂದರೆ ಮೊದಲ ಬಡ್ತಿಗೆ, ಹೋಗಲು ನಾಲ್ಕು ವರ್ಷದ ಸೇವೆ ಸಾಕು, ಎಂ.ಫಿಲ್ ಇದ್ದರೆ ಐದು, ಎರಡೂ ಇಲ್ಲದಿದ್ದರೆ ಆರು. ವಿಶ್ವವಿದ್ಯಾಲಯದಲ್ಲಿ ಆ ಅವಧಿಯಲ್ಲಿ ಒಂದು ಒಳ್ಳೆಯ ಲೇಖನ ಬೇಕು. ಒಂದೇ ಅಲ್ವಾ ಅನ್ನಿಸಬಹುದು. ಆದರೆ ಮುಂದಿನ ಮೆಟ್ಟಿಲುಗಳಲ್ಲಿ ಇದು ಏರುತ್ತಾ ಹೋಗುತ್ತದೆ, ಬರೆಯುವ ಅಭ್ಯಾಸ ಕೂಡುವುದು ಈ ನಾಲ್ಕು ವರ್ಷಗಳಲ್ಲೇ. ಈ ಹೊತ್ತಿನಲ್ಲಿ ವಾಟ್ಸಾಪಿಗೆ ಬರುವ "ಇಂಟರ್‌ನ್ಯಾಷನಲ್ ಜರ್ನಲ್" ಮೆಸೇಜುಗಳಿಂದ ಅವರನ್ನು ಉಳಿಸುವುದು ದೊಡ್ಡ ಕೆಲಸ. ದುಡ್ಡು ಕಟ್ಟಿದರೆ ಮೂರು ದಿನದಲ್ಲಿ ಪ್ರಕಟ. ಮೊದಲಾದರೆ ಒಪ್ಪಿತ ಪತ್ರಿಕೆಗಳ ಯುಜಿಸಿ ಕೇರ್ ಪಟ್ಟಿ ತೋರಿಸಿ ಬೇಡ ಎನ್ನಬಹುದಿತ್ತು. 2025ರಲ್ಲಿ ಆ ಪಟ್ಟಿಯನ್ನೇ ನಿಲ್ಲಿಸಿದರು. ಈಗ ನಾವೇ ನೋಡಬೇಕು. ಸಂಪಾದಕ ಮಂಡಳಿಯಲ್ಲಿ ಇರುವವರು ನಿಜವಾಗಿ ಆ ವಿಷಯದವರೇ? ವಿಮರ್ಶಕರ ಟಿಪ್ಪಣಿ ಕಳಿಸುತ್ತಾರೆಯೇ? ನಾವು ಓದುವ ಲೇಖನಗಳಲ್ಲಿ ಯಾರಾದರೂ ಆ ಪತ್ರಿಕೆಯನ್ನು ಉಲ್ಲೇಖಿಸಿದ್ದಾರೆಯೇ? ಈ ಮೂರಕ್ಕೂ ಹೌದು ಎನ್ನಲಾಗದಿದ್ದರೆ ಕಳಿಸುವುದಿಲ್ಲ.

ಲೇಖನಕ್ಕೆ ಪ್ರಾಜೆಕ್ಟ್ ದುಡ್ಡು ಬರಲಿ ಎಂದು ಕಾಯಬೇಕಿಲ್ಲ ಎನ್ನುವುದನ್ನೂ ಹೊಸಬರಿಗೆ ತೋರಿಸಿಕೊಡುತ್ತೇನೆ. ಕೇಂದ್ರದ ಅಂಕಿಅಂಶ ಸಚಿವಾಲಯದ ಪಿಎಲ್‌ಎಫ್‌ಎಸ್, ಅಂದರೆ ಕಾರ್ಮಿಕ ಶಕ್ತಿ ಸಮೀಕ್ಷೆ, 2017-18ರಿಂದ ನಡೆಯುತ್ತಿದೆ. ಅದರ ಮೂಲ ಮಾಹಿತಿ ಪುಕ್ಕಟೆ ಸಿಗುತ್ತದೆ. ಅದನ್ನು ತೆರೆದು, ಕರ್ನಾಟಕದ ಭಾಗ ಬೇರೆ ಮಾಡಿ, ಒಂದು ಸಣ್ಣ ಪ್ರಶ್ನೆ ಕೇಳುವುದನ್ನು ಜೊತೆಯಲ್ಲಿ ಕೂತು ಮಾಡುತ್ತೇವೆ. ವಾರದಲ್ಲಿ ಎರಡು ಬೆಳಗ್ಗೆ ಅವರಿಗೆ ಕ್ಲಾಸ್ ಇಲ್ಲ, ಮೀಟಿಂಗೂ ಇಲ್ಲ. ಆ ಹೊತ್ತಿನಲ್ಲಿ ಬರೆಯುತ್ತಾರೆ. ತಿಂಗಳಿಗೊಮ್ಮೆ ಕರಡು ನನ್ನ ಮೇಜಿಗೆ ಬರುತ್ತದೆ. ಸಾಲು ಸಾಲಾಗಿ ಓದಿ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಡುತ್ತೇನೆ.

ಅದರ ಮೇಲೆ ನನ್ನ ಹೆಸರು ಹಾಕುವುದಿಲ್ಲ. ಇದನ್ನು ಒತ್ತಿ ಹೇಳಬೇಕು. ಕರಡು ತಿದ್ದಿದ ಮಾತ್ರಕ್ಕೆ ಹಿರಿಯರ ಹೆಸರು ಸೇರಿಸುವ ರೂಢಿ ನಮ್ಮಲ್ಲಿ ಬಹಳ ಇದೆ. ಯುಜಿಸಿಯ ಲೆಕ್ಕದಲ್ಲಿ ಇಬ್ಬರು ಲೇಖಕರಿದ್ದರೆ ಒಬ್ಬೊಬ್ಬರಿಗೂ ಸಿಗುವುದು ಶೇ. 70 ಅಂಕ ಮಾತ್ರ. ಇಬ್ಬರಿಗಿಂತ ಜಾಸ್ತಿ ಇದ್ದರೆ ಮುಖ್ಯ ಲೇಖಕರಿಗೆ ಶೇ. 70, ಉಳಿದವರಿಗೆ ಶೇ. 30. ಹಿರಿಯರ ಹೆಸರು ಸೇರಿದಾಗಲೆಲ್ಲ ಕಿರಿಯರ ಬಡ್ತಿಯ ಅಂಕ ಕಡಿಮೆಯಾಗುತ್ತದೆ. ನಿಜವಾಗಿ ಜೊತೆಗೆ ದುಡಿದ ಲೇಖನದ ಮಾತು ಬೇರೆ.

ಕಾಗದ ಪತ್ರಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಸೇರಿದ ದಿನವೇ ಒಂದು ಬಾಕ್ಸ್ ಫೈಲ್ ಕೊಡುತ್ತೇನೆ. ನೇಮಕಾತಿ ಆದೇಶ, ವರದಿ ಮಾಡಿಕೊಂಡ ಪತ್ರ, ಪ್ರೊಬೇಷನ್ ಮುಗಿದ ಆದೇಶ, ಓಓಡಿ (ಕಚೇರಿ ಕೆಲಸದ ಮೇಲೆ ಹೊರಗೆ ಹೋದ) ಪತ್ರಗಳು, ಪ್ರತಿ ಸೆಮಿಸ್ಟರಿನ ಟೈಮ್‌ಟೇಬಲ್ ಎಲ್ಲ ಅದರಲ್ಲಿ. ಬಡ್ತಿ ಅರ್ಜಿ ಹಾಕುವ ವರ್ಷ ಇವನ್ನು ಹುಡುಕುವುದು ನರಕ. ಒಂದು ತಿಂಗಳ ಇಂಡಕ್ಷನ್ ತರಬೇತಿ, ಯುಜಿಸಿ 2019ರಲ್ಲಿ 'ಗುರು-ದಕ್ಷತಾ' ಎಂದು ರೂಪಿಸಿದ್ದು, ಮೊದಲ ವರ್ಷವೇ ಮುಗಿಸಿಕೊಳ್ಳಿ ಎನ್ನುತ್ತೇನೆ. ಮೈಸೂರು, ಬೆಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಇದರ ಕೇಂದ್ರಗಳಿವೆ. ಪಾಠ ನಿಲ್ಲುತ್ತದೆ ಎಂದು ಬಿಡುಗಡೆ ಮಾಡದಿದ್ದರೆ ಅವರ ತರಗತಿಗಳನ್ನು ನಾವು ಹಳಬರು ಹಂಚಿಕೊಳ್ಳುತ್ತೇವೆ. ಪಿಎಚ್‌ಡಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಲು ಆತುರ ಬೇಡ. 2022ರ ನಿಯಮದ ಪ್ರಕಾರ ಮೂರು ಲೇಖನ ಆದ ಮೇಲೆ ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ಜನರವರೆಗೆ ಮಾರ್ಗದರ್ಶನ ಮಾಡಬಹುದು. ಮೊದಲು ಒಬ್ಬರು ಸಾಕು.

ವಿಭಾಗದ ಅಧ್ಯಕ್ಷರು ಮೆಂಟರ್ ಆಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗೋಪ್ಯ ವರದಿ ಬರೆಯುವವರ ಮುಂದೆ "ನನಗೆ ಈ ಪಾಠ ಅರ್ಥವಾಗಿಲ್ಲ" ಅಂತ ಯಾರು ಹೇಳುತ್ತಾರೆ? ಸರದಿಯಲ್ಲಿ ನಾನೇ ಅಧ್ಯಕ್ಷನಾದಾಗ ಈ ಕೆಲಸವನ್ನು ಪಕ್ಕದ ಕೋಣೆಯ ಮೇಡಂಗೆ ಒಪ್ಪಿಸಿದೆ. ಕರಡು ಓದುವುದರಲ್ಲಿ ಅವರು ನನಗಿಂತ ನಿಷ್ಠುರ.

ಇದೆಲ್ಲ ಕಾಯಂ ಆದವರ ಮಾತಾಯಿತು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪಾಠದ ದೊಡ್ಡ ಭಾರ ಹೊರುವವರು ಅತಿಥಿ ಉಪನ್ಯಾಸಕರು. ಅವರಿಗೆ ಲೆವೆಲ್ಲೂ ಇಲ್ಲ, ಬಡ್ತಿಯೂ ಇಲ್ಲ. ಅವರಿಗೂ ಬೆಳಗಿನ ಬರವಣಿಗೆಯ ಹೊತ್ತು, ಡ್ರೈವ್‌ನ ನೋಟ್ಸ್, ಕರಡು ಓದು ಎಲ್ಲ ಸಮನಾಗಿ ಸಿಗಬೇಕು ಎಂದು ವಿಭಾಗದಲ್ಲಿ ಒಪ್ಪಿಕೊಂಡಿದ್ದೇವೆ. ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ಕೆ-ಸೆಟ್ ಅಥವಾ ನೆಟ್‌ಗೆ ಓದುವವರಿಗೆ ಪರೀಕ್ಷೆಗೆ ಮುಂಚಿನ ತಿಂಗಳು ಇಂಟರ್ನಲ್ ಟೆಸ್ಟ್ ಮೌಲ್ಯಮಾಪನ ಕೊಡುವುದಿಲ್ಲ. ಸೆಮಿಸ್ಟರ್ ಮುಗಿದ ದಿನವೇ, ಅವರು ಕೇಳುವ ಮೊದಲೇ, ಪಾಠ ಮಾಡಿದ ಪೇಪರುಗಳ ಹೆಸರು ಮತ್ತು ಗಂಟೆಗಳ ಸಮೇತ ಅನುಭವ ಪ್ರಮಾಣಪತ್ರ ಸಹಿ ಮಾಡಿ ಕೈಗೆ ಕೊಡುತ್ತೇವೆ.