ಹಬ್ಬಕ್ಕೆ ನೆಂಟರು ಬಂದಾಗ ಮನೆಯ ಗಾಳಿ: ಮಿನೆಸೋಟಾಗೆ ಬಂದ ಹೊಸಬರಿಗೆ

ದೀಪಾವಳಿಯಿಂದ ಸಂಕ್ರಾಂತಿವರೆಗೆ ಇಲ್ಲಿ ಕಿಟಕಿ ಮುಚ್ಚಿರುವ ಕಾಲ. ನಾವು ಒಬ್ಬರನ್ನೊಬ್ಬರು ಊಟಕ್ಕೆ ಕರೆಯುವುದೂ ಆಗಲೇ. ರಾಜ್ಯೋತ್ಸವ, ಥ್ಯಾಂಕ್ಸ್‌ಗಿವಿಂಗ್ ರಜೆ, ಕ್ರಿಸ್‌ಮಸ್ ರಜೆ ಎಲ್ಲವೂ ಸಾಲಾಗಿ ಬರುತ್ತವೆ. ಮನೆ ತುಂಬ ಜನ, ಒಲೆ ಮೇಲೆ ಎಣ್ಣೆ, ದೇವರ ಮುಂದೆ ಊದುಬತ್ತಿ. ರಾತ್ರಿ ಎಂಟಾಗುವಷ್ಟರಲ್ಲಿ ಮಕ್ಕಳು ಕಣ್ಣುಜ್ಜಿಕೊಳ್ಳುತ್ತಾರೆ, ಯಾರಿಗೋ ತಲೆ ಹಿಡಿದುಕೊಳ್ಳುತ್ತದೆ, ಕಿಟಕಿ ಗಾಜಿನ ಮೇಲೆ ನೀರು ಇಳಿಯುತ್ತದೆ.

ಊರಿನಲ್ಲಿ ಗಾಳಿಯ ಬಗ್ಗೆ ಯೋಚಿಸುವ ಪ್ರಸಂಗವೇ ಇರಲಿಲ್ಲ. ಕಿಟಕಿ ಮೇಲೊಂದು ಬೆಳಕಿಂಡಿ, ಅಡುಗೆಮನೆಗೊಂದು ಹಿತ್ತಲ ಬಾಗಿಲು ಇದ್ದರೆ ಮುಗಿಯಿತು. ಇಲ್ಲಿ ಚಳಿ ನುಗ್ಗಬಾರದೆಂದು ಒಂದು ಸಂದನ್ನೂ ಬಿಡದೆ ಮುಚ್ಚಿರುತ್ತಾರೆ. ಮನೆ ಬಿಸಿ ಮಾಡುವ ಯಂತ್ರವಾದ ಫರ್ನೇಸ್ ಊದುವುದು ಹೊರಗಿನ ಗಾಳಿ ಎಂದು ಬಹಳ ಜನ ನಂಬಿದ್ದಾರೆ. ಅಲ್ಲ. ಅದು ಒಳಗಿನ ಗಾಳಿಯನ್ನೇ ಎಳೆದು, ಬಿಸಿ ಮಾಡಿ, ಮತ್ತೆ ಒಳಗೇ ಬಿಡುತ್ತದೆ. ಈಚೆಗೆ ಕಟ್ಟಿದ ಹಲವು ಮನೆಗಳಲ್ಲಿ ಹೊರಗಿನ ಗಾಳಿ ತರುವ ಎಚ್‌ಆರ್‌ವಿ ಎಂಬ ಪೆಟ್ಟಿಗೆ ಇರುತ್ತದೆ. ಬೇಸ್‌ಮೆಂಟಿನಲ್ಲಿ ಫರ್ನೇಸ್ ಪಕ್ಕ ನೋಡಿ. ಇದ್ದರೆ ಅದೃಷ್ಟ, ನೆಂಟರು ಬರುವ ದಿನ ಜೋರಾಗಿ ಓಡಿಸಿ. ಇಲ್ಲದಿದ್ದರೆ ಊಟಕ್ಕೆ ವ್ಯವಸ್ಥೆ ಮಾಡಿದಂತೆ ಗಾಳಿಗೂ ನೀವೇ ವ್ಯವಸ್ಥೆ ಮಾಡಬೇಕು.

ಒಗ್ಗರಣೆ, ಹೊಗೆ, ಅಲಾರಂ

ಅಪಾರ್ಟ್‌ಮೆಂಟಿನಲ್ಲಿ ಇರುವವರು ಇದನ್ನು ಎರಡು ಸಲ ಓದಿ. ಅಡುಗೆಮನೆಯಲ್ಲಿ ಬರೀ ಅಡುಗೆ ಹೊಗೆ ತುಂಬಿದರೆ ಅದನ್ನು ಹೊರಗೆ ಬಿಡಲು ಕಾರಿಡಾರ್ ಕಡೆಯ ಬಾಗಿಲನ್ನು ಎಂದೂ ತೆರೆಯಬೇಡಿ. ಊರಿನ ಅಭ್ಯಾಸ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಆದರೆ ಹೊಗೆ ಕಾರಿಡಾರಿಗೆ ಹೋದರೆ ಅಲ್ಲಿನ ಅಲಾರಂ ಇಡೀ ಕಟ್ಟಡಕ್ಕೆ ಕೂಗಬಹುದು. ಫೈರ್ ಎಂಜಿನ್ ಬರುತ್ತದೆ. ವಯಸ್ಸಾದವರು, ಹಸುಗೂಸುಗಳು, ಎಲ್ಲರೂ ಹಿಮದಲ್ಲಿ ನಿಲ್ಲುತ್ತಾರೆ. ನಮ್ಮ ಸಂಘದ ಕೆಲವು ಕುಟುಂಬಗಳು ಇದನ್ನು ಅನುಭವಿಸಿವೆ. ಮಾರನೆಯ ದಿನ ಮ್ಯಾನೇಜರ್ ಆಫೀಸಿನಿಂದ ಬಂದ ಕಾಗದದಲ್ಲಿ "ನಿಮ್ಮ ಬಗೆಯ ಅಡುಗೆ" ಎಂದು ಬರೆದಿದ್ದರು. ಆ ಮಾತು ಇನ್ನೂ ಚುಚ್ಚುತ್ತದೆ. ನಮ್ಮ ಅಡುಗೆಯಲ್ಲಿ ತಪ್ಪೇನೂ ಇಲ್ಲ. ಎಣ್ಣೆ ಹೊಗೆಯಾಡುವಷ್ಟು ಕಾದರೆ ಯಾರ ಅಡುಗೆಯಾದರೂ ಅಲಾರಂ ಕೂಗುತ್ತದೆ.

ಒಲೆ ಮೇಲಿನ ಫ್ಯಾನ್ ಹೊಗೆಯನ್ನು ಹೊರಗೆ ಕಳಿಸುತ್ತದೆಯೋ ಇಲ್ಲವೋ ಮೊದಲು ತಿಳಿದುಕೊಳ್ಳಿ. ಮೈಕ್ರೋವೇವ್ ಕೆಳಗಿನ ಫ್ಯಾನ್ ಹಾಕಿ, ಅದರ ಮೇಲ್ಭಾಗದ ಜಾಲರಿ ಹತ್ತಿರ ಅಂಗೈ ಹಿಡಿಯಿರಿ. ಅಲ್ಲಿಂದ ಗಾಳಿ ರಪ್ಪನೆ ಕೈಗೆ ಬಡಿದರೆ, ಎಳೆದ ಹೊಗೆಯನ್ನು ಮತ್ತೆ ನಿಮ್ಮ ಮುಖಕ್ಕೇ ಊದುತ್ತಿದೆ ಎಂದರ್ಥ. ಒಳಗಿನ ಇದ್ದಿಲಿನ ಫಿಲ್ಟರ್ ವಾಸನೆಯನ್ನು ಸ್ವಲ್ಪ ಹಿಡಿಯುತ್ತದೆ, ಹಬೆಯನ್ನು ಹಿಡಿಯುವುದಿಲ್ಲ. ಅಂಥ ಮನೆಯಲ್ಲಿ ಅಡುಗೆಮನೆಯ ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಟ್ಟು ಒಗ್ಗರಣೆ ಹಾಕಿ. ಹತ್ತಿರದ ಬಾತ್‌ರೂಮಿನ ಫ್ಯಾನ್ ಕೂಡ ಹಾಕಿ. ಅದು ಎಳೆಯುತ್ತದೆಯೋ ನೋಡಲು ಒಂದು ಟಿಶ್ಯೂ ಹಾಳೆ ಹಿಡಿದರೆ ಸಾಕು, ಗಪ್ಪನೆ ಅಂಟಿಕೊಳ್ಳಬೇಕು. ಜೋಲು ಬಿದ್ದರೆ ಜಾಲರಿಯ ಧೂಳು ತೆಗೆಯಿರಿ.

ಕರಿಯುವುದು, ಒಗ್ಗರಣೆ ಎಲ್ಲವನ್ನೂ ಹಿಂದಿನ ಬರ್ನರ್ ಮೇಲೆ ಮಾಡಿ, ಫ್ಯಾನಿಗೆ ಹೊಗೆ ಚೆನ್ನಾಗಿ ಸಿಗುತ್ತದೆ. ಎಣ್ಣೆ ಕಾಯುವ ಮೊದಲೇ ಫ್ಯಾನ್ ಹಾಕಿ, ಒಲೆ ಆರಿಸಿದ ಮೇಲೂ ಹದಿನೈದು ನಿಮಿಷ ಬಿಡಿ. ಚಕ್ಕುಲಿ, ಕಜ್ಜಾಯ ಹಿಂದಿನ ದಿನವೇ ಮುಗಿಸಿ. ನೆಂಟರು ಬಂದ ಮೇಲೆ ಬಿಸಿಬಿಸಿ ಬೋಂಡ ಕರಿದು ಕೊಡಲೇಬೇಕೆಂಬ ಹಟ ಬೇಡ.

ಅಲಾರಂಗೆ ಪ್ಲಾಸ್ಟಿಕ್ ಕವರ್ ಕಟ್ಟುವುದನ್ನು ಕೆಲವು ಮನೆಗಳಲ್ಲಿ ನೋಡಿದ್ದೇವೆ. ದಯವಿಟ್ಟು ಬೇಡ. ಕಟ್ಟಿದವರು ಬಿಚ್ಚುವುದನ್ನು ಮರೆಯುತ್ತಾರೆ, ಆ ರಾತ್ರಿ ಮನೆಯಲ್ಲಿ ನೆಂಟರೂ ಮಲಗಿರುತ್ತಾರೆ. ಬರೀ ಅಡುಗೆ ಹೊಗೆ ಎಂದು ಖಚಿತವಾಗಿದ್ದರೆ ಅಲಾರಂ ಮೇಲಿನ ಗುಂಡಿ ಒತ್ತಿ ಸುಮ್ಮನಾಗಿಸಿ.

ಕಾರ್ಬನ್ ಮೋನಾಕ್ಸೈಡ್

ಗ್ಯಾಸ್, ಇದ್ದಿಲು, ಪೆಟ್ರೋಲ್ ಸರಿಯಾಗಿ ಉರಿಯದಾಗ ಹುಟ್ಟುವ ಅನಿಲ ಇದು. ವಾಸನೆ ಇಲ್ಲ, ಬಣ್ಣ ಇಲ್ಲ, ಜೀವ ತೆಗೆಯುತ್ತದೆ. ಮಿನೆಸೋಟಾ ಕಾನೂನಿನ ಪ್ರಕಾರ ಮಲಗುವ ಪ್ರತಿ ಕೋಣೆಯಿಂದ 10 ಅಡಿಯೊಳಗೆ ಇದರ ಅಲಾರಂ ಇರಬೇಕು. ನೆಂಟರನ್ನು ಬೇಸ್‌ಮೆಂಟಿನಲ್ಲಿ ಮಲಗಿಸುವುದಾದರೆ ಅಲ್ಲೂ ಒಂದು ಇಡಿ. ಹೊಗೆಯ ಅಲಾರಂ ಸಾಮಾನ್ಯವಾಗಿ ಮೂರು ಮೂರು ಸಲ ಕೂಗುತ್ತದೆ, ಇದು ನಾಲ್ಕು ನಾಲ್ಕು ಸಲ. ನಾಲ್ಕು ಕೇಳಿದರೆ ಕಾರಣ ಹುಡುಕುತ್ತಾ ನಿಲ್ಲಬೇಡಿ. ಎಲ್ಲರೂ ಹೊರಗೆ ಬಂದು 911ಕ್ಕೆ ಫೋನ್ ಮಾಡಿ.

- ಸಾಂಬ್ರಾಣಿಗೆ ಮನೆಯೊಳಗೆ ಕೆಂಡ ಮಾಡಬೇಡಿ.
- ಗ್ಯಾರೇಜಿನಲ್ಲಿ ಗ್ರಿಲ್, ಇದ್ದಿಲು ಒಲೆ ಬೇಡ. ಶಟರ್ ತೆರೆದಿದ್ದರೂ ಬೇಡ.
- ಗ್ಯಾರೇಜಿನೊಳಗೆ ಕಾರು ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಡಬೇಡಿ.
- ಹಿಮ ಬಿದ್ದ ಮೇಲೆ ಹೊರಗೋಡೆಯಲ್ಲಿರುವ ಫರ್ನೇಸಿನ ಬಿಳಿ ಪೈಪುಗಳ ಸುತ್ತ ಹಿಮ ತೆಗೆಯಿರಿ.

ದೇವರ ಮನೆ

ಪೂಜೆ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಮುಚ್ಚಿದ ಮನೆಯಲ್ಲಿ ಒಂದು ಕಟ್ಟು ಊದುಬತ್ತಿ ಹಚ್ಚುವುದು ಭಕ್ತಿಯ ಲೆಕ್ಕವಲ್ಲ. ಆ ಹೊಗೆಯ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಬರುವ ನೆಂಟರಲ್ಲಿ ಯಾರಿಗಾದರೂ ಆಸ್ತಮಾ ಇದೆಯೇ ಎಂದು ಮೊದಲೇ ಕೇಳಿ. ಹೇಳಿಕೊಳ್ಳಲು ಸಂಕೋಚಪಡುವವರೇ ಜಾಸ್ತಿ, ಅಲ್ವಾ? ಒಂದು ಕಡ್ಡಿ ಊದುಬತ್ತಿ, ತುಪ್ಪದ ದೀಪ, ಕೊನೆಗೆ ಒಂದು ಬಿಲ್ಲೆ ಕರ್ಪೂರ ಸಾಕು. ಜನ ಬರುವ ಒಂದು ಗಂಟೆ ಮೊದಲೇ ಪೂಜೆ ಮುಗಿಸಿದರೆ ಇನ್ನೂ ಒಳ್ಳೆಯದು. ಹೋಮ ಮಾಡಿಸುವ ಆಸೆಯಿದ್ದರೆ ಮೇಪಲ್ ಗ್ರೋವ್‌ನ ಹಿಂದೂ ದೇವಸ್ಥಾನದಲ್ಲಿ ವಿಚಾರಿಸಿ, ಲಿವಿಂಗ್ ರೂಮಿನಲ್ಲಿ ಬೇಡ.

ಪ್ಲಗ್ಗಿಗೆ ಸಿಕ್ಕಿಸುವ ಸುವಾಸನೆ ಯಂತ್ರ, ಸ್ಪ್ರೇ, ಸೆಂಟೆಡ್ ಮೋಂಬತ್ತಿ ಇವೆಲ್ಲ ವಾಸನೆ ಮುಚ್ಚುತ್ತವೆ ಅಷ್ಟೇ, ಗಾಳಿ ಶುದ್ಧ ಮಾಡುವುದಿಲ್ಲ. ದುಡ್ಡು ಹಾಕಬೇಡಿ.

ಜನ ತುಂಬಿದಾಗ

ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 420 ಭಾಗ, ಇರುತ್ತದೆ. ಒಳಗೆ 1000 ದಾಟಿದರೆ ಗಾಳಿ ಸಾಲದು ಎಂದು ಲೆಕ್ಕ. ಮೂವತ್ತು ಜನ ಸೇರಿದ ಕೋಣೆ ಅದನ್ನು ಬೇಗ ದಾಟುತ್ತದೆ. ಜ್ವರ, ಕೆಮ್ಮು ಹರಡುವುದೂ ಇಂಥ ಕೋಣೆಯಲ್ಲೇ. ಗಂಟೆಗೊಮ್ಮೆ ಎದುರುಬದುರಿನ ಎರಡು ಕಿಟಕಿಗಳನ್ನು ಐದು ನಿಮಿಷ ಪೂರ್ತಿ ತೆರೆಯಿರಿ. ಹೊರಗೆ ಸೊನ್ನೆ ಫ್ಯಾರನ್‌ಹೀಟ್ ಇದ್ದರೂ ತೆರೆಯಿರಿ. ಅಷ್ಟು ಹೊತ್ತಿನಲ್ಲಿ ಗೋಡೆ, ಸೋಫಾ ತಣ್ಣಗಾಗುವುದಿಲ್ಲ, ಕಿಟಕಿ ಮುಚ್ಚಿದ ಮೇಲೆ ಮನೆ ಬೇಗ ಬೆಚ್ಚಗಾಗುತ್ತದೆ. ಊರಿನಿಂದ ಬಂದ ಅತ್ತೆ, ಅಮ್ಮ "ಶೀತ ಆಗುತ್ತೆ, ಮುಚ್ಚೇ" ಎಂದು ಖಂಡಿತ ಹೇಳುತ್ತಾರೆ. ಅವರಿಗೊಂದು ಶಾಲು ಕೊಟ್ಟು ಪಕ್ಕದ ಕೋಣೆಯಲ್ಲಿ ಕೂರಿಸಿ. ಕಿಟಕಿ ಮಾತ್ರ ತೆರೆಯಿರಿ.

ಥರ್ಮೋಸ್ಟಾಟಿನಲ್ಲಿ ಫರ್ನೇಸಿನ ಫ್ಯಾನ್ "ಆಟೋ"ದಲ್ಲಿರುತ್ತದೆ. ಆ ದಿನ "ಆನ್" ಮಾಡಿ, ಗಾಳಿ ಬಿಡದೆ ಫಿಲ್ಟರ್ ಮೂಲಕ ಹೋಗುತ್ತಿರಲಿ. ಫರ್ನೇಸ್ ತಡೆದುಕೊಳ್ಳುವುದಾದರೆ ಸಣ್ಣ ಕಣಗಳನ್ನು ಹಿಡಿಯುವ ಮರ್ವ್ 13 ದರ್ಜೆಯ ಫಿಲ್ಟರ್ ಹಾಕಿ. ಅಂಚಿನ ಬಾಣದ ಗುರುತು ಫರ್ನೇಸಿನ ಕಡೆಗಿರಬೇಕು. ಏರ್ ಪ್ಯೂರಿಫೈಯರ್ ಕೊಳ್ಳುವವರು ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದನ್ನೇ ಕೊಳ್ಳಿ, ಓಜೋನ್ ಬಿಡುವ ಯಂತ್ರ ಬೇಡವೇ ಬೇಡ. ಡಬ್ಬದ ಮೇಲೆ ಸಿಎಡಿಆರ್ ಎಂಬ ಸಂಖ್ಯೆ ಇರುತ್ತದೆ, ಯಂತ್ರ ಎಷ್ಟು ವೇಗವಾಗಿ ಗಾಳಿ ಶುದ್ಧ ಮಾಡುತ್ತದೆ ಎಂಬ ಅಳತೆ ಅದು. ಕೋಣೆ 300 ಚದರಡಿ ಇದ್ದರೆ ಆ ಸಂಖ್ಯೆ ಕನಿಷ್ಠ 200 ಇರಲಿ. ಫಿಲ್ಟರ್ ಆಗಲಿ ಪ್ಯೂರಿಫೈಯರ್ ಆಗಲಿ ಧೂಳು, ಹೊಗೆ ಹಿಡಿಯುತ್ತವೆ, ಹೊಸ ಗಾಳಿ ತರುವುದಿಲ್ಲ. ಕಿಟಕಿ ಕೆಲಸ ಕಿಟಕಿಯೇ ಮಾಡಬೇಕು.

ಅಡುಗೆ ಶುರುವಾಗುವ ಮೊದಲೇ ಕೋಟುಗಳನ್ನೆಲ್ಲ ಬೆಡ್‌ರೂಮಿನಲ್ಲಿಟ್ಟು ಬಾಗಿಲು ಹಾಕಿ, ನೆಂಟರ ಕೋಟೂ ಅಲ್ಲಿಗೇ ಹೋಗಲಿ. ಉಣ್ಣೆಗೆ ಹಿಡಿದ ಒಗ್ಗರಣೆ ವಾಸನೆ ವಾರವಾದರೂ ಹೋಗುವುದಿಲ್ಲ. ಸೋಮವಾರ ಆಫೀಸಿನ ಲಿಫ್ಟಿನಲ್ಲಿ ಯಾರಾದರೂ ಮೂಗು ಸೊಟ್ಟ ಮಾಡಿದರೆ ಆಗುವ ನೋವು ನಮಗೆ ಗೊತ್ತು. ನಿಮಗೆ ಅದು ಬೇಡ.

ಗಣೇಶನ ಹಬ್ಬ

ಆಗ ಚಳಿ ಇರುವುದಿಲ್ಲ, ಕಿಟಕಿ ತೆರೆಯಬಹುದು. ಆದರೆ ಕೆಲವು ವರ್ಷ ಕೆನಡಾದ ಕಾಡ್ಗಿಚ್ಚಿನ ಹೊಗೆ ಇಲ್ಲಿಗೂ ಬರುತ್ತದೆ, 2023ರ ಬೇಸಿಗೆಯಲ್ಲಿ ಆಕಾಶವೇ ಮಂಕಾಗಿತ್ತು. ಏರ್‌ನೌ ಆ್ಯಪ್‌ನಲ್ಲಿ ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಎಂದು ಹೇಳುವ ಸಂಖ್ಯೆ, ನೋಡಿ. 150 ದಾಟಿದ್ದರೆ ಕಿಟಕಿ ಮುಚ್ಚಿ, ಪ್ಯೂರಿಫೈಯರ್ ಹಾಕಿ, ಕರಿಯುವ ಅಡುಗೆ ಕೈಬಿಡಿ.

ನೆಂಟರು ಹೊರಟ ಮೇಲೆ

ಕಸದ ಚೀಲ ಅಂದೇ ಹೊರಗೆ ಹಾಕಿ. ಕಿಟಕಿಯ ನೀರನ್ನು ಬಟ್ಟೆಯಿಂದ ಒರೆಸಿ, ಬಿಟ್ಟರೆ ಚೌಕಟ್ಟಿಗೆ ಬೂಷ್ಟು ಹಿಡಿಯುತ್ತದೆ. ಎರಡು ಗಂಟೆ ಕಳೆದು ಫ್ಯಾನನ್ನು "ಆಟೋ"ಗೆ ತನ್ನಿ. ಮಲಗುವ ಮೊದಲು ಪ್ರತಿ ಕಿಟಕಿಯ ಚಿಲಕ ಮುಟ್ಟಿ ನೋಡಿ, ಸಿಂಕ್ ಮೇಲಿನ ಕಿಟಕಿ ತೆರೆದು ಉಳಿದರೆ ಅದರ ಕೆಳಗಿನ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯಬಹುದು.